ಎರಡು ಚುಕ್ಕಿ

ಬೀಗ ರಿಪೇರಿಯವನ ಮಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ವಿಷಯ. ನಕಲಿ ಕೀ ಸರಿಯಾಗಿ ಕೂರುತ್ತಿಲ್ಲ ಎಂದು ದೂರು ತಂದವರು ಮೊದಲು ಅವಳ ಮುಖ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಆದರೆ ಅವಳ ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತಿತ್ತು. ಚೆನ್ನಾಗಿ ಬೈದು, ಅದೇ ಉಸಿರಿನಲ್ಲಿ ಕೀಯನ್ನು ಅರದಿಂದ ಉಜ್ಜಿ ಸರಿಮಾಡಿ ಕೊಡುತ್ತಿದ್ದಳು. ಇಳಿಯದೆ ಉಳಿದದ್ದು ಒಂದೇ ಒಂದು ಸಿಟ್ಟು. ಅದಕ್ಕೆ ಅವಳು ಹೊತ್ತುಹೊತ್ತಿಗೆ ಮೇವು ಹಾಕಿ ಸಾಕಿದಳು.

ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಪರದೆಯ ಮರೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಅಪ್ಪನ ರೇಡಿಯೋ. ಹಾಡು ಕೇಳುವ ರೇಡಿಯೋ ಅಲ್ಲ, ಲೈಸೆನ್ಸು ಪಡೆದ ಹವ್ಯಾಸಿಗಳು ಊರೂರುಗಳ ನಡುವೆ ತಮ್ಮತಮ್ಮಲ್ಲೇ ಮಾತಾಡುವ ರೇಡಿಯೋ. ಅಪ್ಪನ ಮಾತಿಗೆ ಬಾಯಿ ಬೇಕಿರಲಿಲ್ಲ. ಮೇಜಿನಂಚಿನ ಹಿತ್ತಾಳೆಯ ಗುಂಡಿಯನ್ನು ಒತ್ತಿ, ಗಿಡ್ಡ ಸದ್ದಿಗೆ ಚುಕ್ಕಿ, ಉದ್ದ ಸದ್ದಿಗೆ ಗೆರೆ ಎಂಬ ಮೋರ್ಸಿನ ಲೆಕ್ಕದಲ್ಲಿ ಒಂದೊಂದೇ ಅಕ್ಷರ ಕಳಿಸುತ್ತಿದ್ದ. "ಕೂಗಿ ಮಾತಾಡೋಕೆ ನಿನ್ನಮ್ಮ ಇದಾಳಲ್ಲ, ನನಗ್ಯಾಕೆ ಬೇಕು" ಎಂದು ನಗುತ್ತಿದ್ದ. ಅಡುಗೆಮನೆಯಿಂದ ಅಮ್ಮ ಸೌಟು ಕುಟ್ಟಿ ಉತ್ತರ ಕೊಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಪ್ಪ ಯಾರಿಗೂ ಸಿಗುತ್ತಿರಲಿಲ್ಲ. ಅದು ಗಡಿಯಾರದ ಹೊತ್ತು. ಗಡಿಯಾರ ಎಂದರೆ ದೂರದ ಊರಿನಲ್ಲಿ ಕೈಗಡಿಯಾರ ರಿಪೇರಿ ಮಾಡುವ ಒಬ್ಬ ಮನುಷ್ಯ. ಅವನಿಗೆ ಅಪ್ಪ ಬೀಗ, ಅಪ್ಪನಿಗೆ ಅವನು ಗಡಿಯಾರ. ಮಗಳು ಹುಟ್ಟುವ ಮೊದಲಿನಿಂದ ಇಬ್ಬರೂ ಮಾತಾಡುತ್ತಿದ್ದರು, ಆದರೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬಹುಶಃ ನೋಡಿದ್ದರೆ ಅಷ್ಟು ಮಾತು ಬರುತ್ತಲೂ ಇರಲಿಲ್ಲ. ಮಾತು ಮುಗಿದಾಗ ಇವನು ಎರಡು ಚುಕ್ಕಿ ಕಳಿಸುವುದು, ಅವನೂ ಎರಡು ಚುಕ್ಕಿ ಕಳಿಸುವುದು. ಟಿಕ್ ಟಿಕ್. ಎಲ್ಲ ಸರಿ, ಬರ್ತೀನಿ ಅಂತ ಅದರ ಅರ್ಥ. ಆ ಎರಡು ಚುಕ್ಕಿ ಅಪ್ಪನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಊಟ ಮುಗಿಸಿ ತಟ್ಟೆಗೂ ಎರಡು ಸಲ ಬೆರಳು ಬಡಿದೇ ಏಳುತ್ತಿದ್ದ.

ಅವರಿಬ್ಬರ ನಡುವೆ ಒಂದು ಆಟವೂ ಇತ್ತು. ಮೋರ್ಸ್ ಕಳಿಸುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಕೈ. ಒಬ್ಬ ಗೆರೆಯನ್ನು ಎಳೆಯುತ್ತಾನೆ, ಒಬ್ಬ ಚುಕ್ಕಿಯನ್ನು ನುಂಗುತ್ತಾನೆ. ಕೇಳಿ ಪಳಗಿದವರಿಗೆ ಅದು ನಡಿಗೆಯಿಂದ ಆಳನ್ನು ಗುರುತಿಸಿದಷ್ಟೇ ಸುಲಭ. ಪ್ರತಿಯೊಬ್ಬನೂ ಮೊದಲು ಲೈಸೆನ್ಸಿನ ಜೊತೆ ತನಗೆ ಕೊಟ್ಟ ಕರೆಗುರುತು ಹೇಳಬೇಕು, ಅದು ಕಾನೂನು. ಆದರೆ ಬೀಗ ಮತ್ತು ಗಡಿಯಾರ ಆಗಾಗ ಕಾನೂನಿನ ಕಣ್ಣು ತಪ್ಪಿಸಿ, ಕರೆಗುರುತು ಹೇಳದೆ, ಕೈ ಬದಲಿಸಿ, ಬೇರೆ ಯಾರದೋ ಥರ ನಟಿಸಿ, "ಯಾರು ಹೇಳು?" ಎಂದು ಕೇಳುತ್ತಿದ್ದರು. ಗುರುತು ಸರಿಯಾದರೆ ಎರಡು ಚುಕ್ಕಿ. ಗಡಿಯಾರ ಒಮ್ಮೆಯೂ ಸೋತಿರಲಿಲ್ಲ. "ಆ ನನ್ಮಗ ನಾನು ಸತ್ತು ಬೇರೆ ಜನ್ಮ ಎತ್ತಿ ಬಂದ್ರೂ ಕಂಡು ಹಿಡೀತಾನೆ" ಎಂದು ಅಪ್ಪ ಹೆಮ್ಮೆಪಡುತ್ತಿದ್ದ.

ಒಂದು ದಿನ ಅಂಗಡಿಯ ಸ್ಟೂಲಿನಿಂದ ಅಪ್ಪ ಕುಸಿದು ಬಿದ್ದ. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಎಡಗೈಯ ಬೆರಳುಗಳನ್ನು ಎಂದೋ ಒಂದು ಕಾರ್ಖಾನೆಯ ಯಂತ್ರ ತಿಂದುಹಾಕಿತ್ತು. ಹಾಗಾಗಿ ಅವನ ಮಾತು ಕೇಳುವ ಅಂಗ ಎಂದು ಉಳಿದದ್ದು ಎಡಗಾಲು ಮಾತ್ರ. ಆಸ್ಪತ್ರೆಯಿಂದ ಮನೆಗೆ ಬಂದು ಎಷ್ಟೋ ತಿಂಗಳಾದ ಮೇಲೆ, ಅವನು ಕಣ್ಣಿನಲ್ಲೇ ಮಗಳಿಗೆ ಕೆಲಸ ಹೇಳತೊಡಗಿದ. ಆ ಹಲಗೆ. ಅಲ್ಲ, ಈ ಹಲಗೆ. ಬಾಗಿಲಿನ ಕೀಲು. ಹಳೇ ಬೀಗದ ಸ್ಪ್ರಿಂಗ್. ಮಗಳು ಬೈದುಕೊಳ್ಳುತ್ತ, ಅಳುತ್ತ, ಜೋಡಿಸುತ್ತ ಹೋದಳು. ಮುಗಿದಾಗ ನೋಡಿದರೆ ಅದು ಕಾಲಿನಿಂದ ಒತ್ತುವ ಮೋರ್ಸ್ ಗುಂಡಿ.

ಅಂದಿನಿಂದ ನೆಲದ ಮೇಲೆ ಅದೇ ಅಭ್ಯಾಸ. ಅಂಗಡಿಯಲ್ಲಿ ಕೀ ಉಜ್ಜುತ್ತಿದ್ದರೂ ಅವಳಿಗೆ ಪರದೆಯಾಚೆಯ ಸದ್ದು ಕೇಳುತ್ತಿತ್ತು. ಒಂದೇ ಮಾತು, ಮತ್ತೆ ಮತ್ತೆ. ಸೊಟ್ಟಪಟ್ಟ, ಎಡವಿ ಬಿದ್ದೆದ್ದು ನಡೆಯುವ ಸದ್ದು. ಅವಳಿಗೆ ಮೋರ್ಸ್ ಬರುತ್ತಿರಲಿಲ್ಲ. ಆದರೆ ಕೇಳಿ ಕೇಳಿ ಪದವಿಲ್ಲದ ಹಾಡಿನ ಹಾಗೆ ಪೂರ್ತಿ ಬಾಯಿಪಾಠವಾಯಿತು. "ಏನಪ್ಪಾ ಅದು?" ಎಂದು ಕೇಳಿದರೆ ಅರ್ಧ ಬಾಯಿಯಲ್ಲಿ ನಕ್ಕು ಸುಮ್ಮನಾಗುತ್ತಿದ್ದ. ಗಡಿಯಾರಕ್ಕೆಂದೇ ಇಟ್ಟಿದ್ದ ಗುಟ್ಟು ಅದು.

ಆ ಭಾನುವಾರ ಅಪ್ಪನಿಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ರೇಡಿಯೋ ಮುಂದೆ ಕೂರಿಸಿದ್ದು ಅವಳೇ. ಅಪ್ಪ ಶುರುಮಾಡಿದ. ಅವಳ ಮನಸ್ಸಿನಲ್ಲಿದ್ದ ಹಾಡು ಇನ್ನೂ ಮೊದಲ ಮೆಟ್ಟಿಲಲ್ಲೇ ಇತ್ತು, ಅಷ್ಟರಲ್ಲಿ ಆ ಕಡೆಯಿಂದ ಚೂಪಾದ ಸದ್ದು ಅಡ್ಡ ಬಂತು. ಮೂರೇ ಅಕ್ಷರದ ಸದ್ದು. ಡಾ ಡಾ ಡಿ ಡಾ. ಡಿ ಡಾ ಡಿ ಡಿ. ಡಿ ಡಿ ಡಾ ಡಿ. ಅದು ಎರಡನೆಯ ಸಲ ಬಂದಾಗ ಅಪ್ಪನ ಕಾಲು ಗುಂಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ ಕಾಲೆತ್ತಿ, ಅದರಿಂದಲೇ ಸ್ವಿಚ್ಚಿನ ಕಡೆ ತೋರಿಸಿದ. ಆರಿಸು. ಅವಳು ಆರಿಸಿದಳು. ಮತ್ತೆ ಅವನು ಆ ಗುಂಡಿಯ ಮೇಲೆ ಕಾಲಿಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಮುಂದಿನ ಚಳಿಗಾಲ ನೋಡಲಿಲ್ಲ.

ಆ ಮೂರು ಅಕ್ಷರ ಯಾರವು, ಏನು ಅರ್ಥ, ತಾಯಿಗೂ ಮಗಳಿಗೂ ತಿಳಿಯಲಿಲ್ಲ. ಗಾಳಿಯಲ್ಲಿ ಸಾವಿರ ಜನ ಓಡಾಡುತ್ತಾರೆ.

ಅಪ್ಪ ಹೋದ ಮೇಲೆ ಅವಳು ಮೋರ್ಸ್ ಕಲಿಯಲು ಹೊರಟದ್ದು ಆ ಹಾಡಿನ ಅರ್ಥಕ್ಕಾಗಿ. ಕಲಿಸುವವರು ಈಗ ಎಲ್ಲಿದ್ದಾರೆ? ವಿಚಾರಿಸಿದಾಗ ಸಿಕ್ಕಿದ್ದು ಒಂದೇ ಹೆಸರು: ದೂರದ ಊರಿನ ರೇಡಿಯೋ ಹವ್ಯಾಸಿಗಳ ಕ್ಲಬ್ಬಿನಲ್ಲಿ ಶನಿವಾರ ಮಧ್ಯಾಹ್ನ ಪಾಠ ಹೇಳುವ ಗಡಿಯಾರ ಮಾಸ್ತರು. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಯನ್ನು ಅಮ್ಮನಿಗೆ ಒಪ್ಪಿಸಿ ಶನಿವಾರ ಬೆಳಿಗ್ಗೆಯೇ ಬಸ್ಸು ಹತ್ತತೊಡಗಿದಳು. ತಾನು ಯಾರ ಮಗಳೆಂದು ಹೇಳಲಿಲ್ಲ. ಚೆನ್ನಾಗಿ ಕಲಿತು, ಒಂದು ದಿನ ಅಪ್ಪನ ಮಾತನ್ನು ಅವರ ಮುಂದೆ ಬಡಿದು ತೋರಿಸಿ ಆಶ್ಚರ್ಯಪಡಿಸಬೇಕು ಎಂಬ ಆಸೆ.

ಮಾಸ್ತರು ಸಣಕಲು ಮನುಷ್ಯ. ನೀಟಾದ ಉಗುರು, ಹಣೆಯ ಮೇಲೆ ತಳ್ಳಿಟ್ಟ ಭೂತಗನ್ನಡಿ. ಪಾಠ ಹೇಳುವುದರಲ್ಲಿ ಎರಡು ಮಾತಿಲ್ಲ. "ಚುಕ್ಕಿ ಗೆರೆ ಅಂತ ಎಣಿಸ್ಬೇಡಿ. ಎಣಿಸಿದವನು ಕೆಟ್ಟ. ಅಕ್ಷರದ ರಾಗ ಕೇಳಿ" ಎನ್ನುತ್ತಿದ್ದರು. ಅವಳ ಕಿವಿ ನೋಡಿ ಅವರಿಗೆ ಬಲು ಖುಷಿ. "ಮಗಳೇ, ಈ ಕಿವಿ ಯಾರ ಮನೇದು?" ಎಂದು ಕೇಳಿದರು. ಅವಳು ನಕ್ಕಳಷ್ಟೇ. ಒಮ್ಮೆ ಅವರೇ ಹೇಳಿದರು, "ನನಗೊಬ್ಬ ಗೆಳೆಯ ಇದ್ದ, ಬೀಗ ಅಂತ. ಒಂದು ದಿನ ಹೇಳದೆ ಕೇಳದೆ ಬರೋದು ನಿಲ್ಲಿಸಿಬಿಟ್ಟ. ನಾನೂ ಕರೆಯೋದು ಬಿಟ್ಟೆ. ಬರೋನು ಅವನೇ ಬರ್ಲಿ ಅಂತ." ಅವಳ ನಾಲಿಗೆಯ ತುದಿಗೆ ಬಂದಿತ್ತು. ಇನ್ನು ಸ್ವಲ್ಪ ದಿನ ಎಂದು ಕಚ್ಚಿ ಹಿಡಿದಳು.

ಒಂದು ಶನಿವಾರ ವಾಪಸ್ ಬರುವ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ, ಆ ಹಾಡು ತಾನಾಗಿ ಬಾಯಿಬಿಟ್ಟಿತು. ಅವಳು ಏನೂ ಪ್ರಯತ್ನ ಮಾಡಲಿಲ್ಲ. ಸದ್ದು ಅಕ್ಷರವಾಯಿತು, ಅಕ್ಷರ ಮಾತಾಯಿತು: "ಕೈ ಹೊಸದು. ಆಳು ಹಳಬನೇ. ಯಾರು ಹೇಳು?"

ಪಕ್ಕದಲ್ಲಿ ಕೂತ ಹೆಂಗಸು ಗಾಬರಿಯಾಗಿ ನೀರಿನ ಬಾಟಲಿ ಕೊಡುವಷ್ಟು ಅತ್ತಳು. ಆಟ! ಅಷ್ಟು ದಿನ ಬೆವರಿಳಿಸಿ ಅಪ್ಪ ಕಲಿತದ್ದು ಆಟಕ್ಕೆ. ತನ್ನ ಕಷ್ಟವನ್ನೇ ಒಂದು ತಮಾಷೆ ಮಾಡಿ ಗೆಳೆಯನ ಬಾಗಿಲಿಗೆ ಒಯ್ದಿದ್ದ. ಮುಂದಿನ ಶನಿವಾರವೇ ಮಾಸ್ತರಿಗೆ ಹೇಳಿಬಿಡಬೇಕು ಎಂದುಕೊಂಡಳು.

ಮುಂದಿನ ಶನಿವಾರ ಮಾಸ್ತರು ಒಳ್ಳೇ ಲಹರಿಯಲ್ಲಿದ್ದರು. ಸಂಕೇತಗಳ ಪಾಠ. ಹವಾಮಾನ ಕೇಳಲು ಹೀಗೆ, ಮೆಲ್ಲಗೆ ಕಳಿಸು ಎನ್ನಲು ಹೀಗೆ ಎಂದೆಲ್ಲ ಹೇಳಿ, ಕಣ್ಣು ಮಿಟುಕಿಸಿದರು. "ಇನ್ನೊಂದಿದೆ, ಪುಸ್ತಕದಲ್ಲಿಲ್ಲ. ನಮ್ಮೋರ ತಮಾಷೆ. ಕ್ಯೂ ಎಲ್ ಎಫ್. ಅಂದ್ರೆ, ಏನಪ್ಪಾ, ಎಡಗಾಲಲ್ಲಿ ಕಳಿಸ್ತಿದ್ದೀಯಾ? ತೀರಾ ಗಬ್ಬೆಬ್ಬಿಸೋರಿಗೆ ಹೇಳೋದು." ಎಂದು ಮೇಜಿನ ಗುಂಡಿಯಲ್ಲಿ ಬಡಿದು ತೋರಿಸಿದರು. ಡಾ ಡಾ ಡಿ ಡಾ. ಡಿ ಡಾ ಡಿ ಡಿ. ಡಿ ಡಿ ಡಾ ಡಿ.

ಅದೇ ಮೂರು ಅಕ್ಷರ. ಅಪ್ಪನ ಕಾಲನ್ನು ನಿಲ್ಲಿಸಿದ ಸದ್ದು.

"ಹಿಂದೊಮ್ಮೆ ಒಬ್ಬ ಬಂದಿದ್ದ ನೋಡಿ," ಮಾಸ್ತರು ನಗುತ್ತಲೇ ಮುಂದುವರಿಸಿದರು. "ಭಾನುವಾರ ಬೆಳಿಗ್ಗೆ, ರೇಡಿಯೋದಲ್ಲಿ ನಾನು ಯಾವಾಗ್ಲೂ ಇರೋ ಜಾಗಕ್ಕೇ. ಕರೆಗುರುತಿಲ್ಲ, ಹೆಸರಿಲ್ಲ. ಕುಡಿದು ಬಂದೋನ ಥರ ತೂರಾಡ್ತಿದ್ದ. ಎರಡು ಅಕ್ಷರಕ್ಕೇ ಸಾಕಾಯ್ತು ನಂಗೆ. ಎರಡೇ ಸಲ ಹೇಳಿದೆ, ಕ್ಯೂ ಎಲ್ ಎಫ್ ಅಂತ. ಬಾಲ ಮುದುರಿಕೊಂಡು ಹೋದೋನು ಇವತ್ತಿನವರೆಗೂ ಪತ್ತೆ ಇಲ್ಲ!"

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು. ಅಷ್ಟು ಚೆನ್ನಾಗಿ ನಗಲು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಅಲ್ಲೇ ಎದ್ದು ಮುಖದ ನೀರಿಳಿಸಬಹುದಿತ್ತು. ಬೇರೆ ಯಾವ ಸಿಟ್ಟಾಗಿದ್ದರೂ ಅವಳು ಹಾಗೇ ಮಾಡುತ್ತಿದ್ದಳು. ಆದರೆ ಹತ್ತು ಜನ ಕಲಿಯುವವರ ಮುಂದೆ ಬೈದರೆ ಅವನಿಗೇನು ನಷ್ಟ? ಆ ಮನುಷ್ಯನಿಗೆ ಜಂಭ ಇದ್ದದ್ದು ಒಂದೇ ವಿಷಯದಲ್ಲಿ, ಕೈ ಗುರುತಿಸುವುದರಲ್ಲಿ. ವರ್ಷಕ್ಕೊಮ್ಮೆ ಕ್ಲಬ್ಬಿನ ಸಭೆಯಲ್ಲಿ ಊರೂರಿನ ಹವ್ಯಾಸಿಗಳು ಸೇರಿದಾಗ, ಒಬ್ಬೊಬ್ಬರೇ ಪರದೆಯ ಹಿಂದೆ ಕೂತು ಬಡಿಯುತ್ತಿದ್ದರು. ಮಾಸ್ತರು ಈಚೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಇಂಥವರೇ ಎಂದು ಹೇಳುತ್ತಿದ್ದರು. ಅದೇ ಅವರ ಸಿಂಹಾಸನ. ಅಲ್ಲಿಂದಲೇ ಕೆಡವಬೇಕು ಎಂದು ಬಸ್ಸು ಊರು ಮುಟ್ಟುವುದರೊಳಗೆ ತೀರ್ಮಾನಿಸಿದಳು.

ಶನಿವಾರಗಳಲ್ಲಿ ಮಾಸ್ತರ ಮುಂದೆ ಬಲಗೈಯಲ್ಲಿ ಕಲಿತಳು. ಉಳಿದ ದಿನ ಅಂಗಡಿ ಮುಚ್ಚಿದ ಮೇಲೆ, ಅಪ್ಪನ ಗುಂಡಿಯ ಮೇಲೆ ಎಡಗಾಲಿನಲ್ಲಿ ಕಲಿತಳು. ಚೆಂದವಾಗಿ ಕಳಿಸಲು ಅಲ್ಲ. ಅಪ್ಪನ ಸೊಟ್ಟ ಚುಕ್ಕಿ, ಅಪ್ಪನ ಕುಂಟುವ ಗೆರೆ, ಎಲ್ಲಿ ಉಸಿರು ಹಿಡಿಯುತ್ತಿದ್ದ, ಎಲ್ಲಿ ಕಾಲು ಜಾರುತ್ತಿತ್ತು, ಎಲ್ಲ ಹಾಗಾಗೇ. ಮೀನಖಂಡ ಕಲ್ಲಾಗುತ್ತಿತ್ತು. ಅಮ್ಮ ಎಣ್ಣೆ ಬಿಸಿಮಾಡಿ ತಂದು ತಿಕ್ಕುತ್ತ, "ನಿಮ್ಮಪ್ಪ ಹಗೆ ಸಾಧಿಸೋ ಮನುಷ್ಯ ಅಲ್ಲ ಕಣೇ" ಎಂದಳು.

"ನಾನು ಅಪ್ಪ ಅಲ್ಲಮ್ಮ."

"ಅದು ಗೊತ್ತು. ನೀನು ನನ್ನ ಮಗಳು," ಎಂದು ಅಮ್ಮ ಇನ್ನಷ್ಟು ಗಟ್ಟಿಯಾಗಿ ತಿಕ್ಕಿದಳು.

ಪರೀಕ್ಷೆ ಪಾಸಾಗಿ ಲೈಸೆನ್ಸು ಬಂತು. ಮಾಸ್ತರು ಬೆನ್ನು ತಟ್ಟಿ, "ನನ್ನ ಶಿಷ್ಯೆ" ಎಂದು ಕಂಡಕಂಡವರಿಗೆ ಪರಿಚಯಿಸಿದರು. ಸಭೆಯ ಆಟಕ್ಕೆ ಅವಳ ಹೆಸರನ್ನೂ ಅವರೇ ಸೇರಿಸಿದರು. ಅವಳು ಚೀಲದಲ್ಲಿ ಅಪ್ಪನ ಕಾಲ್ಗುಂಡಿಯ ಹಲಗೆ ಹೊತ್ತುಕೊಂಡು ಹೋದಳು.

ಸಭಾಂಗಣ ತುಂಬಿತ್ತು. ಮಾಸ್ತರು ಇಸ್ತ್ರಿಯ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಚಪ್ಪಾಳೆಯ ಮೇಲೆ ಚಪ್ಪಾಳೆ. ಅವಳ ಸರದಿ ಬಂತು. ಪರದೆಯ ಹಿಂದೆ ಚಪ್ಪಲಿ ಬಿಟ್ಟು, ಗುಂಡಿಯ ತಂತಿ ಸಿಕ್ಕಿಸಿ, ಎಡಗಾಲಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಕ್ಷಣ ಒಂದೇ ಹರಕೆ: ಇವನು ಇವತ್ತೂ ಗುರುತಿಸದಿರಲಿ.

"ಕೈ ಹೊ" ಎಂಬಲ್ಲಿಗೆ ನಿಲ್ಲಿಸಿದಳು. ಅಂದು ಅಪ್ಪನಿಗೆ ಅವನು ಬಿಟ್ಟುಕೊಟ್ಟದ್ದೂ ಅಷ್ಟೇ.

ಈಚೆ ಮಾಸ್ತರು ನಕ್ಕರು. "ಯಾರಪ್ಪಾ ಇದು, ನನ್ನನ್ನ ಕೆಣಕೋಕೆ ಬಂದಿರೋದು? ಎಡಗಾಲಲ್ಲಿ ಕಳಿಸ್ತಿದ್ದೀಯೇನು?"

ಸಭೆ ಗೊಳ್ಳೆಂದಿತು. ಅವಳು ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದಳು.

"ಹೌದು ಮಾಸ್ಟ್ರೇ. ಎಡಗಾಲೇ."

ನಗು ಒಂದೊಂದೇ ಬಾಯಲ್ಲಿ ಆರಿತು. ಬರಿಗಾಲು ಇನ್ನೂ ಹಲಗೆಯ ಮೇಲಿತ್ತು.

"ಅವತ್ತು ಭಾನುವಾರ ನಿಮ್ಮ ಜಾಗಕ್ಕೆ ಬಂದಿದ್ನಲ್ಲ, ಕುಡುಕನ ಥರ ತೂರಾಡ್ಕೊಂಡು, ಅವನದ್ದೂ ಎಡಗಾಲೇ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತಿರಲಿಲ್ಲ. ಈ ಹಲಗೆ ಮೇಲೆ ತಿಂಗಳುಗಟ್ಟಲೆ ಒದ್ದಾಡಿ ಕಲಿತಿದ್ದ, ನಿಮ್ಮ ಹತ್ರ ಒಂದು ಮಾತಾಡೋಕೆ. ಕರೆಗುರುತು ಹೇಳ್ಲಿಲ್ಲ ಯಾಕೆ ಗೊತ್ತಾ? ಗಡಿಯಾರಕ್ಕೆ ಹೇಳೋದು ಬೇಡ, ಅವನು ಕಂಡು ಹಿಡೀತಾನೆ ಅಂತ. ಅವನಿಗೆ ನೀವು ಬೀಗ ಅಂತಿದ್ರಿ."

ಮಾಸ್ತರು ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು. ಹಣೆಯ ಮೇಲಿದ್ದ ಭೂತಗನ್ನಡಿ ಜಾರಿ ಮಡಿಲಿಗೆ ಬಿತ್ತು.

"ಬೀಗ... ಈಗ ಎಲ್ಲಿದ್ದಾನೆ?"

"ಇಲ್ಲ."

ಮಾಸ್ತರು ಭೂತಗನ್ನಡಿಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದರು, "ಮುಂದೇನಿತ್ತಮ್ಮ? ಕೈ ಹೊ... ಅಂತ ಆದಮೇಲೆ? ಏನು ಹೇಳೋಕೆ ಬಂದಿದ್ದ?"

ಈ ಪ್ರಶ್ನೆಗಾಗಿಯೇ ಅವಳು ಇಷ್ಟು ದಿನ ಕಾದದ್ದು. "ಪೂರ್ತಿ ಕೇಳೋ ತಾಳ್ಮೆ ಅವತ್ತಿರ್ಲಿಲ್ಲ. ಇವತ್ತು ಯಾಕೆ?" ಎಂದು ಹಲಗೆಯನ್ನು ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ, ಜನರ ನಡುವಿನಿಂದ ನಡೆದುಹೋದಳು. ಬಸ್ಸಿನಲ್ಲಿ ಕಣ್ತುಂಬ ನಿದ್ದೆ ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪನ ರೇಡಿಯೋದಲ್ಲಿ ಅವರ ಕರೆ ಬಂತು. ಅದೇ ಚೂಪು ಕೈ. "ಮಗಳೇ, ಮುಂದೇನಿತ್ತು" ಎನ್ನುವಷ್ಟರಲ್ಲಿ ಅವಳು ಅಡ್ಡ ಬಂದಳು. ಕ್ಯೂ ಎಲ್ ಎಫ್. ಅದರ ಮುಂದಿನ ಭಾನುವಾರವೂ ಕರೆ, ಮಾತು ಅರ್ಧಕ್ಕೆ ಬರುತ್ತಿದ್ದಂತೆ ಕ್ಯೂ ಎಲ್ ಎಫ್. ಹೀಗೆ ಎಷ್ಟೋ ವಾರ ನಡೆಯಿತು. ಪ್ರತಿಸಲವೂ ಅವಳಿಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಕರೆ ನಿಂತಿತು. "ಬಾಲ ಮುದುರಿಕೊಂಡು ಹೋದ" ಎಂದು ಅವಳು ಅಮ್ಮನಿಗೆ ಹೇಳಿದಳು. ಅಮ್ಮ ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು.

ಆದರೂ ಭಾನುವಾರ ಬಂದರೆ ರೇಡಿಯೋ ಹಾಕುವುದನ್ನು ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಅದೇ ಜಾಗದಲ್ಲಿ ಒಂದು ಸದ್ದು ಕೇಳಿಸಿತು. ಕರೆಗುರುತಿಲ್ಲ. ಸೊಟ್ಟಪಟ್ಟ, ತೂರಾಡುವ ಸದ್ದು. ಚುಕ್ಕಿ ಗೆರೆಯಾಗುತ್ತಿತ್ತು, ಗೆರೆ ನಡುವೆ ಮುರಿಯುತ್ತಿತ್ತು. ಅಮ್ಮನಿಗೆ ಮೋರ್ಸ್ ಬರುವುದಿಲ್ಲ. ಆದರೂ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು ಪರದೆ ಹಿಡಿದು ನಿಂತಳು.

"ಅಪ್ಪ ಅಲ್ಲಮ್ಮ," ಎಂದಳು ಮಗಳು. "ಅವರು. ಎಡಗಾಲಲ್ಲಿ."

ಎರಡೇ ಅಕ್ಷರಕ್ಕೆ ಅವಳು ಗುರುತಿಸಿದ್ದಳು. ಎಷ್ಟೇ ಸೊಟ್ಟಗಿದ್ದರೂ ಗೆರೆಯ ತುದಿಯಲ್ಲಿ ಅವರ ಆ ಚೂಪು ಇದ್ದೇ ಇತ್ತು. ಮನಸ್ಸಿಟ್ಟು ಕೇಳಿದ್ದರೆ ಅಪ್ಪನದ್ದೂ ಹೀಗೇ ಸಿಗುತ್ತಿತ್ತು. ಅದನ್ನು ನೆನೆದು ಅವಳ ಮೈ ಮತ್ತೆ ಉರಿಯಿತು. ಎಡಗಾಲು ಗುಂಡಿಯ ಮೇಲಿತ್ತು. ಈಗ ಅಡ್ಡ ಬಂದು ಮೂರು ಅಕ್ಷರ ಬಡಿದರೆ ಲೆಕ್ಕ ಸಮ. ಆ ಕಡೆ ಮುದುಕ ತೊಡೆ ಹಿಡಿದುಕೊಂಡು, ಹಲ್ಲು ಕಚ್ಚಿ, ಒಂದೊಂದೇ ಅಕ್ಷರ ಒತ್ತುತ್ತಿದ್ದ. ಅವಳು ಪೂರ್ತಿ ಕೇಳಿದಳು. "ಕೈ ಹೊ... ಮುಂದೆ?" ಅಷ್ಟೇ ಇತ್ತು. ಅಷ್ಟಕ್ಕೆ ಅವರಿಗೆ ಬಹಳ ಹೊತ್ತು ಬೇಕಾಯಿತು.

ಅವಳು ಕಾಲು ಒತ್ತಿದಳು. ತನ್ನ ಕೈಯಲ್ಲಲ್ಲ, ತನ್ನ ಕಾಲಲ್ಲೂ ಅಲ್ಲ, ಅಪ್ಪನ ಕಾಲಿನಲ್ಲೇ. ಅವನು ಜಾರಿದಲ್ಲಿ ಜಾರಿ, ಅವನು ಉಸಿರು ಹಿಡಿದಲ್ಲಿ ಹಿಡಿದು.

"ಕೈ ಹೊಸದು. ಆಳು ಹಳಬನೇ. ಯಾರು ಹೇಳು?"

ರೇಡಿಯೋದಲ್ಲಿ ಬರೀ ಗಾಳಿಯ ಸದ್ದು. ಆಮೇಲೆ ಆ ಸೊಟ್ಟ ಕಾಲು ಮೆಲ್ಲಗೆ ಬಂತು: "ಬೀಗ."

ತಡೆದು, ಮತ್ತೆ: "ಬೀಗ. ನೀನು ಬೀಗ."

ಆಮೇಲೆ ಮೌನ. ಆ ಮೌನ ಏನು ಕಾಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಟದ ನಿಯಮ, ಗುರುತು ಸರಿಯಾದರೆ ಎರಡು ಚುಕ್ಕಿ. ಅಮ್ಮ ಪರದೆಯ ಪಕ್ಕದಿಂದ, "ಕೊಟ್ಟುಬಿಡೇ" ಎಂದಳು. ಏನನ್ನು ಎಂದು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಆದರೆ ಗಂಡ ತಟ್ಟೆಗೆ ಬಡಿಯುತ್ತಿದ್ದದ್ದನ್ನು ಅವಳು ಒಂದು ಜನ್ಮವಿಡೀ ಕೇಳಿದ್ದಳು.

ಅವಳು ಕಾಲನ್ನು ಗುಂಡಿಯಿಂದ ಮೇಲೆತ್ತಿದಳು. ಹಾಗೇ ಹಿಡಿದಳು. ಆ ಕಡೆ ಮುದುಕ ಕಾಯುತ್ತಿದ್ದ.

"ಅದನ್ನ ಕೊಡಬೇಕಾದೋನು ಇಲ್ಲಮ್ಮ," ಎಂದು ಹೇಳಿ, ಸ್ವಿಚ್ಚು ಆರಿಸಿದಳು.